ಕಾಲಾ ಪತ್ಥರ್: ಎವರೆಸ್ಟ್ ಹಾದಿಯ ಕೊನೆಯ ಏರನ್ನು ಹತ್ತಿ ಇಳಿಯುವುದು ಹೇಗೆ

ನೇಪಾಳದ ಎವರೆಸ್ಟ್ ಹಾದಿಯ ಕೊನೆಯ ತಂಗುದಾಣ ಗೋರಕ್‌ಶೆಪ್‌ನ ಲಾಡ್ಜುಗಳಲ್ಲಿ ಊಟದ ಹಾಲ್‌ನ ನಡುವೆ ಒಂದು ಕಬ್ಬಿಣದ ಒಲೆ ಇರುತ್ತದೆ. ಅದರಲ್ಲಿ ಉರಿಯುವುದು ಯಾಕ್ ಸಗಣಿಯ ಬೆರಣಿ. ಎಂಟು ದಿನ ನಡೆದು ಬಂದವರು ಸಂಜೆ ಅದರ ಸುತ್ತ ಕೈ ಚಾಚಿ ಕೂತಿರುತ್ತಾರೆ. ಆ ಮಧ್ಯಾಹ್ನವಷ್ಟೇ ಎವರೆಸ್ಟ್ ಬೇಸ್ ಕ್ಯಾಂಪ್ ನೋಡಿ ಬಂದಿರುತ್ತಾರೆ. ಫೋಟೊ ಆಗಿದೆ, ಮನೆಗೆ ಮೆಸೇಜು ಹೋಗಿದೆ. ಮನಸ್ಸು ಆಗಲೇ ಕಠ್ಮಂಡುವಿನ ಬಿಸಿನೀರಿನ ಸ್ನಾನದ ಕಡೆ ಹೊರಟುಬಿಟ್ಟಿರುತ್ತದೆ. ಆಗ ಗೈಡ್ ಬಂದು ಕೇಳುತ್ತಾರೆ, ‘ನಾಳೆ ಕಾಲಾ ಪತ್ಥರ್‌ಗೆ ಯಾರು ಯಾರು ಬರ್ತೀರಿ?’

ಈ ಲೇಖನ ಆ ಪ್ರಶ್ನೆಗೆ ‘ನಾನು ಬರ್ತೀನಿ’ ಎನ್ನಬೇಕೆಂದು ಆಸೆ ಇರುವವರಿಗಾಗಿ.

ಹೆಸರಿಗೆ ಇದು ಬೇಸ್ ಕ್ಯಾಂಪ್ ಚಾರಣ. ಆದರೆ 5,364 ಮೀಟರ್ ಎತ್ತರದ ಬೇಸ್ ಕ್ಯಾಂಪ್‌ನಲ್ಲಿ ನಿಂತರೆ ಎವರೆಸ್ಟ್‌ನ ತುದಿಯೇ ಕಾಣುವುದಿಲ್ಲ. ಅಕ್ಕಪಕ್ಕದ ಬೆಟ್ಟಗಳು ಅದನ್ನು ಮರೆಮಾಡುತ್ತವೆ. ಎದುರಾಬದುರು ನೋಡಬೇಕೆಂದರೆ ಗೋರಕ್‌ಶೆಪ್‌ನ ಹಿಂದಿರುವ ಕಂದು-ಕಪ್ಪು ಗುಡ್ಡ ಹತ್ತಬೇಕು. ಅದೇ ಕಾಲಾ ಪತ್ಥರ್. ಹಿಂದಿಯಲ್ಲೂ ನೇಪಾಳಿಯಲ್ಲೂ ಆ ಹೆಸರಿಗೆ ‘ಕಪ್ಪು ಕಲ್ಲು’ ಎಂದೇ ಅರ್ಥ. ಅದರ ಎತ್ತರ ಕೆಲವು ಕಡೆ 5,545 ಮೀಟರ್ ಎಂದಿರುತ್ತದೆ, ಕೆಲವು ಕಡೆ 5,644 ಎಂದಿರುತ್ತದೆ. ಯಾವ ಲೆಕ್ಕ ಹಿಡಿದರೂ ಹೆಚ್ಚಿನ ಚಾರಣಿಗರಿಗೆ ವಿಮಾನ ಇಳಿಯುವ ಲುಕ್ಲಾದಿಂದ ಶುರುವಾದ ದಾರಿಯಲ್ಲಿ ಇದೇ ಅತಿ ಎತ್ತರದ ಜಾಗ. ಗೋರಕ್‌ಶೆಪ್ 5,164 ಮೀಟರ್‌ನಲ್ಲಿದೆ. ಹಾಗಾಗಿ ಹತ್ತಬೇಕಾದ್ದು ಹೆಚ್ಚೆಂದರೆ ಐನೂರು ಮೀಟರ್ ಅಷ್ಟೇ. ಊರಲ್ಲಿ ಇಷ್ಟು ಎತ್ತರದ ಬೆಟ್ಟವನ್ನು ತಿಂಡಿಗೆ ಮುಂಚೆ ಹತ್ತಿ ಬಂದಿರುತ್ತೀರಿ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ ಇರುತ್ತದೆ. ಹಾಗಾಗಿ ಎರಡೂವರೆ ಗಂಟೆ ಬೇಕಾಗಬಹುದು, ಮೂರೂ ಆಗಬಹುದು.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಮುಕ್ಕಾಲು ದಾರಿ ಹತ್ತಿ ವಾಪಸ್ ಬಂದೆ. ಎರಡನೇ ಸಲ ತುದಿ ಮುಟ್ಟಿದೆ. ಮೊದಲ ಸಲ ನನ್ನ ಕಾಲಲ್ಲಿ ಶಕ್ತಿ ಜಾಸ್ತಿಯೇ ಇತ್ತು. ತಪ್ಪಿದ್ದು ಹಿಂದಿನ ಸಂಜೆ ಮಾಡಬೇಕಾದ ಕೆಲಸಗಳಲ್ಲಿ. ಅದಕ್ಕೇ ಇಲ್ಲಿ ಆ ಸಂಜೆಯ ಬಗ್ಗೆ ಬೇರೆಲ್ಲಕ್ಕಿಂತ ಹೆಚ್ಚು ಬರೆದಿದ್ದೇನೆ.

ಊರಿನಲ್ಲಿ ಮಾಡಬೇಕಾದ ತಯಾರಿ

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಲುಕ್ಲಾದ ರನ್‌ವೇ ಅದಕ್ಕಿಂತ ಒಂಬೈನೂರು ಮೀಟರ್ ಮೇಲಿದೆ. ಅಂದರೆ ಎತ್ತರಕ್ಕೆ ಒಗ್ಗಿಕೊಳ್ಳುವ ಅಭ್ಯಾಸವನ್ನು ನಮ್ಮ ಊರಲ್ಲಿ ಮಾಡಲು ಆಗುವುದಿಲ್ಲ. ಆ ಆಸೆ ಬಿಟ್ಟುಬಿಡಿ. ಮಾಡಬಹುದಾದ್ದು ಎರಡು. ಒಂದು, ಬೆನ್ನಿಗೆ ಐದಾರು ಕೆಜಿ ಹೊತ್ತು ಮೆಟ್ಟಿಲು ಹತ್ತುವುದು. ಇನ್ನೊಂದು, ಅದೇ ಮೆಟ್ಟಿಲು ಇಳಿಯುವುದು. ಎಲ್ಲರೂ ಹತ್ತುವ ಅಭ್ಯಾಸ ಮಾಡಿ ಲಿಫ್ಟಿನಲ್ಲಿ ಇಳಿಯುತ್ತಾರೆ. ಮೊಣಕಾಲು ಕೈಕೊಡುವುದು ಇಳಿಯುವಾಗ. ನಂದಿ ಬೆಟ್ಟದ ಮೆಟ್ಟಿಲು, ಸಾವನದುರ್ಗದ ಬಂಡೆ, ಮನೆ ಹತ್ತಿರದ ಯಾವುದಾದರೂ ಏಳೆಂಟು ಮಹಡಿ ಕಟ್ಟಡ, ಯಾವುದಾದರೂ ಸರಿ. ಮೂರು ತಿಂಗಳು, ವಾರಕ್ಕೆ ನಾಲ್ಕು ದಿನ ಮಾಡಿದರೆ ಸಾಕು.

ದುಡ್ಡು ಉಳಿಸಬಾರದ ವಸ್ತು ಕೈಗವಸು. ಒಳಗೊಂದು ತೆಳುವಾದ ಜೊತೆ, ಮೇಲೊಂದು ದಪ್ಪ ಜೊತೆ ಬೇಕು. ದಪ್ಪದ್ದು ಬೆರಳುಗಳೆಲ್ಲ ಒಟ್ಟಿಗಿರುವ ಚೀಲದಂಥ ಮಿಟನ್ ಆದರೆ ಇನ್ನೂ ಒಳ್ಳೆಯದು. ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಕಠ್ಮಂಡುವಿನ ತಮೇಲ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟು, ಕೈಗವಸು ಮಾತ್ರ ನಿಮ್ಮದೇ ಇರಲಿ. ಬೂಟು ಹೊಸದಾಗಿದ್ದರೆ ಹೊರಡುವ ಮುಂಚೆ ಎರಡು ತಿಂಗಳಾದರೂ ಹಾಕಿಕೊಂಡು ಓಡಾಡಿ.

ಇನ್ಶೂರೆನ್ಸ್ ಮಾಡಿಸುವಾಗ 6,000 ಮೀಟರ್‌ವರೆಗಿನ ಚಾರಣ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿವೆಯಾ ಎಂದು ಪಾಲಿಸಿಯಲ್ಲೇ ಓದಿ ನೋಡಿ. ಸಾಮಾನ್ಯ ಟ್ರಾವೆಲ್ ಪಾಲಿಸಿಗಳಲ್ಲಿ ಎತ್ತರದ ಮಿತಿ ಕಡಿಮೆ ಇರಬಹುದು.

ಒಂದು ಸಣ್ಣ ಡಬ್ಬಿ ಚಟ್ನಿಪುಡಿ ತೆಗೆದುಕೊಂಡು ಹೋಗಿ. ಇದನ್ನು ರುಚಿಗೆಂದು ಹೇಳುತ್ತಿಲ್ಲ. 4,500 ಮೀಟರ್ ದಾಟಿದ ಮೇಲೆ ಹಸಿವು ಸತ್ತುಹೋಗುತ್ತದೆ. ಅನ್ನ ನೋಡಿದರೆ ಬೇಡ ಎನಿಸುತ್ತದೆ. ಆಗ ಬಾಯಿಗೆ ಗೊತ್ತಿರುವ ಒಂದು ರುಚಿ ನಾಲ್ಕು ತುತ್ತು ಜಾಸ್ತಿ ಒಳಗೆ ಇಳಿಸುತ್ತದೆ. ಕೊನೆಯ ಏರಿನ ದಿನ ಆ ನಾಲ್ಕು ತುತ್ತಿಗೆ ಬೆಲೆ ಇದೆ.

ಮೊದಲ ಎಂಟು ದಿನಗಳು

ಲುಕ್ಲಾದಿಂದ ಬೇಸ್ ಕ್ಯಾಂಪ್‌ಗೆ ಹೋಗಿ ಬರುವ ದಾರಿ ಸುಮಾರು 130 ಕಿಲೋಮೀಟರ್. ವಾಡಿಕೆಯ ಲೆಕ್ಕ ಹೀಗಿದೆ. ಮೊದಲ ರಾತ್ರಿ ಫಾಕ್ಡಿಂಗ್. ಆಮೇಲೆ 3,440 ಮೀಟರ್‌ನ ನಾಮ್ಚೆಯಲ್ಲಿ ಎರಡು ರಾತ್ರಿ. ತೆಂಗ್‌ಬೋಚೆಯಲ್ಲಿ ಒಂದು. 4,410 ಮೀಟರ್‌ನ ಡಿಂಗ್‌ಬೋಚೆಯಲ್ಲಿ ಎರಡು. ಲೊಬುಚೆಯಲ್ಲಿ ಒಂದು. ಎಂಟನೇ ದಿನ ಗೋರಕ್‌ಶೆಪ್.

ನಾಮ್ಚೆ ಮತ್ತು ಡಿಂಗ್‌ಬೋಚೆಯ ಆ ಎರಡನೇ ರಾತ್ರಿಗಳನ್ನು ಯಾವ ಕಾರಣಕ್ಕೂ ಉಳಿಸಲು ಹೋಗಬೇಡಿ. ರಜೆ ಕಡಿಮೆ ಇದೆ, ವಿಮಾನ ತಡವಾಗಿ ಒಂದು ದಿನ ಕೈತಪ್ಪಿತು, ಅದನ್ನು ಇಲ್ಲಿ ಹೊಂದಿಸೋಣ ಎಂದು ಬಹಳ ಜನ ಯೋಚಿಸುತ್ತಾರೆ. ಕಾಲಾ ಪತ್ಥರ್ ತಪ್ಪುವುದಕ್ಕೆ ಇದೇ ದೊಡ್ಡ ಕಾರಣ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ಒಂದು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಬೆಟ್ಟದ ವೈದ್ಯರು ಹೇಳುವ ಲೆಕ್ಕ ಇದು. ಹಗಲು ಬೇಕಾದರೆ ಇನ್ನೂ ಮೇಲೆ ಹೋಗಿ ಬನ್ನಿ, ರಾತ್ರಿ ಕೆಳಗೆ ಮಲಗಿ. ನಾಮ್ಚೆಯಿಂದ ಎವರೆಸ್ಟ್ ವ್ಯೂ ಹೋಟೆಲ್‌ವರೆಗೆ, ಡಿಂಗ್‌ಬೋಚೆಯಿಂದ ಪಕ್ಕದ ನಂಗ್‌ಕರ್ತ್‌ಶಂಗ್ ಗುಡ್ಡಕ್ಕೆ ಹತ್ತಿಸುವುದು ಇದಕ್ಕೇ.

ಡಿಂಗ್‌ಬೋಚೆಯ ಆ ಗುಡ್ಡ ನಿಮಗೆ ಒಳ್ಳೆಯ ಪರೀಕ್ಷೆ. ಅದು ಐದು ಸಾವಿರ ಮೀಟರ್ ಮುಟ್ಟಿಸುತ್ತದೆ. ಅಲ್ಲಿ ಯಾವ ವೇಗದಲ್ಲಿ ನಡೆದಾಗ ಬಾಯಿ ಮುಚ್ಚಿ ಮೂಗಿನಿಂದಲೇ ಉಸಿರಾಡಲು ಸಾಧ್ಯವಾಯಿತೋ ಅದನ್ನು ನೆನಪಿಟ್ಟುಕೊಳ್ಳಿ. ಕಾಲಾ ಪತ್ಥರ್‌ನಲ್ಲಿ ನಿಮ್ಮ ವೇಗ ಅದಕ್ಕಿಂತ ನಿಧಾನ ಇರಬೇಕು.

ಪಕ್ಕದ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾಲಯ ಇದೆ. 1973ರಿಂದ ನಡೆಯುತ್ತಿದೆ. ಚಾರಣದ ಸೀಸನ್‌ನಲ್ಲಿ ಎತ್ತರದ ಕಾಯಿಲೆ ಬಗ್ಗೆ ಅಲ್ಲಿನ ವೈದ್ಯರು ಮಾತಾಡುತ್ತಾರೆ. ಸಿಕ್ಕರೆ ಹೋಗಿ ಕೇಳಿ. ಎತ್ತರಕ್ಕೆ ಒಗ್ಗಲು ನೆರವಾಗುವ ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳಬೇಕೆಂದಿದ್ದರೆ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. ಸಲ್ಫಾ ಔಷಧ ಆಗದವರು ಅದನ್ನು ಕಡ್ಡಾಯವಾಗಿ ಹೇಳಬೇಕು. ಆ ಮಾತ್ರೆಯಿಂದ ಬೆರಳ ತುದಿ ಜುಂ ಎನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಮೊದಲೇ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ನನಗೆ ಎರಡನೇ ಸಲ ಮುಟ್ಟು ನಾಲ್ಕು ದಿನ ಮೊದಲೇ ಬಂತು, ಲೊಬುಚೆಯಲ್ಲಿ. ತಾರೀಕು ದೂರ ಇದೆ ಎಂದು ನಂಬಿ ಬರಿಗೈಲಿ ಹೋಗಬೇಡಿ. ಪ್ಯಾಡ್, ಕಾಗದ, ಬಳಸಿದ್ದನ್ನು ವಾಪಸ್ ತರಲು ಜಿಪ್ ಇರುವ ಕವರ್, ಎಲ್ಲ ಚೀಲದಲ್ಲಿರಲಿ. ಮೇಲಿನ ಊರುಗಳಲ್ಲಿ ಕಸ ವಿಲೇವಾರಿ ತುಂಬಾ ಕಷ್ಟ.

ಹಿಂದಿನ ಸಂಜೆ: ತೀರ್ಮಾನ ಮಾಡುವ ಹೊತ್ತು

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

ಬೆಳಗಿನ ಜಾವ ನಾಲ್ಕೂವರೆಗೆ, ಅರೆನಿದ್ದೆಯಲ್ಲಿ, ಅಷ್ಟು ಎತ್ತರದಲ್ಲಿ, ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವ ಸ್ಥಿತಿಯಲ್ಲಿ ನಮ್ಮ ತಲೆ ಇರುವುದಿಲ್ಲ. ಆಸೆ ಇರುವವರಿಗೆ ನೋವು ಗೊತ್ತಾಗುವುದಿಲ್ಲ. ಭಯ ಇರುವವರಿಗೆ ಸಣ್ಣ ತಲೆನೋವೂ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಸಂಜೆ ಒಲೆಯ ಪಕ್ಕ ಕೂತಾಗಲೇ, ಬಿಸಿನೀರು ಕುಡಿಯುತ್ತಾ, ಗೈಡ್ ಜೊತೆ ಕೂತು ಮೂರು ವಿಷಯ ಮಾತಾಡಿಬಿಡಿ.

ಮೊದಲನೆಯದು, ಈಗ ಮೈ ಹೇಗಿದೆ. ಸಣ್ಣ ತಲೆನೋವಿದ್ದು, ಎರಡು ಲೋಟ ನೀರು, ಒಂದು ಪ್ಯಾರಾಸಿಟಮಾಲ್‌ಗೆ ಹೋಯಿತೆಂದರೆ ಪರವಾಗಿಲ್ಲ. ಹೋಗದೆ ಉಳಿಯಿತು, ಜೊತೆಗೆ ವಾಕರಿಕೆ, ತಲೆಸುತ್ತು, ಏನೂ ಬೇಡ ಎನ್ನುವಷ್ಟು ಸುಸ್ತು ಇದೆ ಎಂದರೆ ನಾಳೆ ಮೇಲೆ ಹೋಗುವ ಮಾತೇ ಇಲ್ಲ. ಇನ್ನೊಂದು ಸುಲಭದ ಪರೀಕ್ಷೆ ಇದೆ. ನೆಲದ ಹಲಗೆಯ ಗೆರೆ ಹಿಡಿದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ಹತ್ತು ಹೆಜ್ಜೆ ನಡೆಯಿರಿ. ತೂರಾಡದೆ ನಡೆಯಲು ಆಗದಿದ್ದರೆ ಅದು ಮೆದುಳಿಗೆ ಬಾವು ಬರುತ್ತಿರುವ ಸೂಚನೆ ಇರಬಹುದು. ಸುಮ್ನೆ ಕೂತಿದ್ದರೂ ಏದುಸಿರು ಬರುವುದು, ಕೆಮ್ಮಿದರೆ ನೊರೆ ಬರುವುದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ. ಈ ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಆ ರಾತ್ರಿಯೇ, ಯಾರಾದರೂ ಜೊತೆಗಿದ್ದು, ಕೆಳಗೆ ಇಳಿಸಬೇಕು. ನಿದ್ದೆ ಮಾತ್ರೆ, ಮದ್ಯ ಎರಡೂ ಇಲ್ಲಿ ಬೇಡ.

ಎರಡನೆಯದು, ಎಲ್ಲಿಂದ ವಾಪಸ್ ಬರುತ್ತೀರಿ. ಇದನ್ನು ಗಂಟೆಯ ಲೆಕ್ಕದಲ್ಲಿ ಹೇಳಿಕೊಳ್ಳಿ. ‘ಎಂಟು ಗಂಟೆಗೆ ಎಲ್ಲಿರುತ್ತೇನೋ ಅಲ್ಲಿಂದಲೇ ತಿರುಗುತ್ತೇನೆ’ ಎಂದು. ನಿಮ್ಮ ಗೈಡ್ ಅದನ್ನು ಕೇಳಿಸಿಕೊಂಡಿರಲಿ. ತುದಿ ಇನ್ನು ಇಪ್ಪತ್ತೇ ನಿಮಿಷ ಎಂದು ಕಂಡಾಗ ಈ ಮಾತು ನೆನಪಿಸಲು ಒಬ್ಬರು ಬೇಕು.

ಮೂರನೆಯದು, ಗುಂಪಿನಲ್ಲಿ ಒಬ್ಬರಿಗೆ ಆಗದಿದ್ದರೆ ಯಾರು ಅವರ ಜೊತೆ ಇಳಿಯುತ್ತಾರೆ. ಗಂಡ-ಹೆಂಡತಿ, ಅಪ್ಪ-ಮಗಳು ಹೋಗಿದ್ದರಂತೂ ಇದನ್ನು ಮೊದಲೇ ಆಡಿ ಮುಗಿಸಿ. ಕತ್ತಲಲ್ಲಿ, ಚಳಿಯಲ್ಲಿ ನಿಂತು ‘ನೀನು ಹೋಗು’, ‘ಇಲ್ಲ ನಾನೂ ಬರ್ತೀನಿ’ ಎಂದು ಹಗ್ಗಜಗ್ಗಾಟ ಆಡಿದರೆ ಇಬ್ಬರಿಗೂ ಚಳಿ ಹಿಡಿಯುತ್ತದೆ.

ಇಷ್ಟಾದ ಮೇಲೆ ಊಟ. ಹಸಿವಿಲ್ಲದಿದ್ದರೂ ತಿನ್ನಿ. ದಾಲ್ ಭಾತ್ ಆದರೆ ಇನ್ನಷ್ಟು ಬಡಿಸುತ್ತಾರೆ. ಆಗದಿದ್ದರೆ ಬೇಯಿಸಿದ ಆಲೂಗಡ್ಡೆ, ಬೆಳ್ಳುಳ್ಳಿ ಸೂಪು. ಬೆಳ್ಳುಳ್ಳಿ ಎತ್ತರದ ಕಾಯಿಲೆ ತಡೆಯುತ್ತದೆ ಎಂದು ಅಲ್ಲಿನವರು ನಂಬುತ್ತಾರೆ. ಏನಿಲ್ಲವೆಂದರೂ ಬಿಸಿ ಬಿಸಿ ನೀರು, ಉಪ್ಪು ಹೊಟ್ಟೆಗೆ ಸೇರುತ್ತದಲ್ಲ, ಕುಡಿಯಿರಿ. ನಾಮ್ಚೆ ದಾಟಿದ ಮೇಲೆ ಮಾಂಸ ಬೇಡ. ಅದನ್ನು ಕೆಳಗಿನಿಂದ ದಿನಗಟ್ಟಲೆ ಹೊತ್ತು ತರುತ್ತಾರೆ.

ಮಲಗುವ ಮುಂಚೆ ಚೀಲ ಕಟ್ಟಿಡಿ. ಹೆಡ್‌ಲ್ಯಾಂಪ್, ಅದರ ಹೆಚ್ಚುವರಿ ಬ್ಯಾಟರಿ, ಫೋನು, ಪವರ್‌ಬ್ಯಾಂಕ್ ಎಲ್ಲವನ್ನೂ ಸ್ಲೀಪಿಂಗ್ ಬ್ಯಾಗಿನ ಒಳಗೆ ನಿಮ್ಮ ಜೊತೆಯೇ ಮಲಗಿಸಿ. ಚಳಿಗೆ ಬ್ಯಾಟರಿ ಸತ್ತುಹೋಗುತ್ತದೆ. ಬೆಳಿಗ್ಗೆ ಹಾಕುವ ಕಾಲುಚೀಲ, ಒಳ ಕೈಗವಸನ್ನೂ ಒಳಗೇ ಇಟ್ಟುಕೊಳ್ಳಿ. ಅಡುಗೆಮನೆಯಿಂದ ಬಾಟಲಿಗೆ ಕುದಿಯುವ ನೀರು ತುಂಬಿಸಿ, ಉಣ್ಣೆಯ ಕಾಲುಚೀಲದೊಳಗೆ ಹಾಕಿ ಕಾಲ ಬುಡದಲ್ಲಿಟ್ಟುಕೊಂಡರೆ ರಾತ್ರಿ ಬೆಚ್ಚಗೆ, ಬೆಳಿಗ್ಗೆ ಕುಡಿಯಲು ನೀರು. ಕೊಳವೆ ಇರುವ ನೀರಿನ ಚೀಲವನ್ನು ಈ ಏರಿಗೆ ತರಲೇಬೇಡಿ. ಹತ್ತೇ ನಿಮಿಷದಲ್ಲಿ ಕೊಳವೆ ಹೆಪ್ಪುಗಟ್ಟುತ್ತದೆ. ಒಂದು ಲೀಟರ್ ಥರ್ಮಾಸ್ ಇದ್ದರೆ ಬೇರೇನೂ ಬೇಡ.

ನಿದ್ದೆ ಬರುವುದಿಲ್ಲ. ಯಾರಿಗೂ ಸರಿಯಾಗಿ ಬರುವುದಿಲ್ಲ. ಕಣ್ಣು ಹತ್ತಿದ ಕೂಡಲೇ ಉಸಿರು ನಿಂತಂತಾಗಿ ಎದ್ದು ಕೂರುತ್ತೀರಿ. ಆ ಎತ್ತರದಲ್ಲಿ ನಿದ್ದೆಯ ಉಸಿರು ಹಾಗೇ ಏರಿಳಿಯುತ್ತದೆ. ನಿದ್ದೆ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಬೆಳಿಗ್ಗೆ ಹೋಗುವುದನ್ನು ಬಿಡಬೇಡಿ. ಸುಮ್ಮನೆ ಮಲಗಿದ್ದರೂ ಮೈಗೆ ವಿಶ್ರಾಂತಿಯೇ.

ಎಷ್ಟು ಗಂಟೆಗೆ ಹೊರಡಬೇಕು?

ಹೆಚ್ಚಿನ ಗುಂಪುಗಳು ಬೆಳಗಿನ ಜಾವ ನಾಲ್ಕಕ್ಕೇ ಹೊರಡುತ್ತವೆ. ಸೂರ್ಯೋದಯ ನೋಡಬೇಕು ಅಂತ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ.

ಕಾಲಾ ಪತ್ಥರ್‌ನಲ್ಲಿ ನಿಂತರೆ ಎವರೆಸ್ಟ್ ಇರುವುದು ಪೂರ್ವಕ್ಕೆ. ಅಂದರೆ ಸೂರ್ಯ ಹುಟ್ಟುವುದು ಆ ಬೆಟ್ಟಗಳ ಹಿಂದೆ. ನಿಮ್ಮ ಕಡೆಯ ಮುಖ ನೆರಳಲ್ಲಿರುತ್ತದೆ. ಬೆಟ್ಟಗಳ ಅಂಚಿಗೆ ಬೆಳಕಿನ ಗೆರೆ ಹತ್ತಿಕೊಳ್ಳುವುದು ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಬಿಸಿಲು ನಿಮ್ಮ ಮೈಮೇಲೆ ಬೀಳಲು ತಡವಾಗುತ್ತದೆ. ಬೇಗ ಮೇಲೆ ಹೋದವರು ಸೊನ್ನೆಗಿಂತ ಹತ್ತು-ಹದಿನೈದು ಡಿಗ್ರಿ ಕೆಳಗಿನ ಚಳಿಯಲ್ಲಿ, ಗಾಳಿಗೆ ಮೈಯೊಡ್ಡಿ ಕಾಯುತ್ತಾ ನಿಲ್ಲಬೇಕು. ಮೊದಲ ಸಲ ನಾನು ಸಿಕ್ಕಿಕೊಂಡದ್ದು ಇದರಲ್ಲೇ. ಖಾಲಿ ಹೊಟ್ಟೆಯಲ್ಲಿ ನಾಲ್ಕಕ್ಕೆ ಹೊರಟಿದ್ದೆ. ಕೈಯಲ್ಲಿದ್ದದ್ದು ತೆಳು ಉಣ್ಣೆಯ ಒಂದೇ ಜೊತೆ ಗವಸು. ಒಂದೂವರೆ ಗಂಟೆ ಹತ್ತಿದ ಮೇಲೆ ಜಾಕೆಟ್ಟಿನ ಜಿಪ್ ಎಳೆಯಲು ಹೋದರೆ ಬೆರಳಿಗೆ ಜಿಪ್ ಇರುವುದೇ ಗೊತ್ತಾಗಲಿಲ್ಲ. ನಮ್ಮ ಗೈಡ್ ಲ್ಯಾಂಪಿನ ಬೆಳಕನ್ನು ಪಕ್ಕಕ್ಕೆ ತಿರುಗಿಸಿ ನನ್ನ ಮುಖ ನೋಡಿದರು. ‘ದೀದಿ, ನಿನ್ನೆ ರಾತ್ರಿ ಏನು ತಿಂದಿರಿ?’ ಎಂದು ಹಿಂದಿಯಲ್ಲಿ ಕೇಳಿದರು. ಉತ್ತರ ಹೇಳಲು ನನಗೆ ತುಂಬಾ ಹೊತ್ತು ಹಿಡಿಯಿತು. ಅಷ್ಟೇ, ಅವರು ಮರುಮಾತಿಲ್ಲದೆ ನನ್ನ ತೋಳು ಹಿಡಿದು ಕೆಳಗೆ ತಿರುಗಿಸಿದರು. ನನ್ನ ಬೆರಳುಗಳು ಇಂದು ಸರಿಯಾಗಿರುವುದು ಅವರಿಂದ.

ಎರಡನೇ ಸಲ ಐದೂಕಾಲಿಗೆ ಹೊರಟೆವು. ಅರ್ಧ ಗಂಟೆಯಲ್ಲಿ ದಾರಿ ಕಾಣುವಷ್ಟು ಬೆಳಕಾಯಿತು. ತುದಿಗೆ ಹೋಗುವ ಹೊತ್ತಿಗೆ ಬಿಸಿಲು ಬಂದಿತ್ತು. ಅಕ್ಟೋಬರ್, ನವೆಂಬರ್‌ನಲ್ಲಿ ಹೋಗುವವರಿಗೆ ನಾನು ಹೇಳುವುದು ಇದೇ ಸಮಯ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ, ಅಲಾರಂ ಇಡುವಾಗ ನೆನಪಿರಲಿ.

ಇನ್ನೊಂದು ದಾರಿಯೂ ಇದೆ. ಮಧ್ಯಾಹ್ನ ಹತ್ತಿ ಸೂರ್ಯಾಸ್ತ ನೋಡುವುದು. ಪಶ್ಚಿಮದ ಬೆಳಕು ನೇರವಾಗಿ ಎವರೆಸ್ಟ್ ಮೇಲೆ ಬಿದ್ದು ಅದು ಹೊಂಬಣ್ಣಕ್ಕೆ ತಿರುಗುತ್ತದೆ. ಫೋಟೊಗೆ ಅದೇ ಸರಿಯಾದ ಹೊತ್ತು. ಹತ್ತುವಾಗ ಚಳಿಯೂ ಕಡಿಮೆ. ತೊಂದರೆ ಏನೆಂದರೆ ಮಧ್ಯಾಹ್ನದ ಮೇಲೆ ಕಣಿವೆಯಿಂದ ಮೋಡ ಏರಿ ಬಂದು ಎಲ್ಲವನ್ನೂ ಮುಚ್ಚಿಬಿಡಬಹುದು. ಇಳಿಯುವುದು ಕತ್ತಲಲ್ಲಿ. ಅದೇ ದಿನ ಬೇಸ್ ಕ್ಯಾಂಪ್‌ಗೂ ಹೋಗಿ ಬಂದಿದ್ದರೆ ಇದನ್ನು ಮಾಡಲೇಬೇಡಿ, ಮೈ ತಡೆಯುವುದಿಲ್ಲ. ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇದ್ದು, ಗೋರಕ್‌ಶೆಪ್‌ನಲ್ಲಿ ಎರಡು ರಾತ್ರಿ ಇರಲು ಮೈ ಒಪ್ಪಿದರೆ ಮಾತ್ರ ಯೋಚಿಸಿ.

ಏರು

ಹೊರಡುವ ಮುಂಚೆ ಏನಾದರೂ ತಿನ್ನಿ. ಎರಡು ಬಿಸ್ಕತ್ತು, ಒಂದು ಲೋಟ ಸಿಹಿ ಚಹಾ ಆದರೂ ಸರಿ. ಜೇಬಿನಲ್ಲಿ ಕಡಲೆ ಚಿಕ್ಕಿ, ಖರ್ಜೂರ ಇರಲಿ. ಚಾಕೊಲೇಟು ಆ ಚಳಿಗೆ ಕಲ್ಲಾಗಿರುತ್ತದೆ. ಚಿಕ್ಕಿಯನ್ನೂ ರಾತ್ರಿಯೇ ಸಣ್ಣ ತುಂಡು ಮಾಡಿಟ್ಟುಕೊಳ್ಳಿ, ಗವಸಿನ ಕೈಯಲ್ಲಿ ಮುರಿಯಲು ಆಗುವುದಿಲ್ಲ.

ಬಟ್ಟೆಯ ಬಗ್ಗೆ ಒಂದೇ ಮಾತು. ಲಾಡ್ಜಿನ ಬಾಗಿಲಲ್ಲಿ ನಿಂತಾಗ ಸ್ವಲ್ಪ ಚಳಿ ಎನಿಸುವಷ್ಟು ಹಾಕಿಕೊಳ್ಳಿ, ದಪ್ಪ ಜಾಕೆಟ್ ಚೀಲದ ಮೇಲ್ಗಡೆ ಇರಲಿ. ಬೆವರಿದರೆ ಆಮೇಲೆ ನಿಂತ ಕೂಡಲೇ ಆ ಬೆವರೇ ತಣ್ಣಗೆ ಕೊರೆಯುತ್ತದೆ. ಮೂಗು-ಬಾಯಿಗೆ ತೆಳು ಬಟ್ಟೆ ಕಟ್ಟಿಕೊಳ್ಳಿ. ಆ ಒಣಗಾಳಿಗೆ ಗಂಟಲು ಕೆರೆದು ಬರುವ ಕೆಮ್ಮಿಗೆ ‘ಖುಂಬು ಕೆಮ್ಮು’ ಎಂದೇ ಹೆಸರಿದೆ.

ಶುರುವಿನಲ್ಲಿ ಮರಳಿನ ಬಯಲು. ಹಿಂದೆ ಕೆರೆಯಾಗಿದ್ದ ಜಾಗ ಅದು. ಅದನ್ನು ದಾಟಿದ ಕೂಡಲೇ ಗುಡ್ಡ ನೆಟ್ಟಗೆ ಏಳುತ್ತದೆ. ದಾರಿ ಅಂಕುಡೊಂಕಾಗಿ ಏರುತ್ತದೆ, ಕಾಲಡಿ ಸಡಿಲ ಮಣ್ಣು, ಸಣ್ಣ ಕಲ್ಲು. ಮನಸ್ಸು ಸೋಲುವುದು ಈ ಮೊದಲ ಮುಕ್ಕಾಲು ಗಂಟೆಯಲ್ಲಿ. ಮೈ ಇನ್ನೂ ಬಿಸಿಯಾಗಿರುವುದಿಲ್ಲ, ಉಸಿರು ಹಿಡಿತಕ್ಕೆ ಬಂದಿರುವುದಿಲ್ಲ, ಮೇಲೆ ನೋಡಿದರೆ ಬೇರೆಯವರ ಲ್ಯಾಂಪಿನ ಬೆಳಕು ಆಕಾಶದಲ್ಲಿ ತೂಗುಹಾಕಿದಂತೆ ಕಾಣುತ್ತದೆ. ಮೇಲೆ ನೋಡಬೇಡಿ. ಮುಂದಿನವರ ಹಿಮ್ಮಡಿ ನೋಡಿ.

ಹೆಜ್ಜೆಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಒಂದು ಹೆಜ್ಜೆಗೆ ಉಸಿರು ಒಳಗೆ, ಇನ್ನೊಂದು ಹೆಜ್ಜೆಗೆ ಹೊರಗೆ. ಕಡಿದಾದ ಕಡೆ ಒಂದೇ ಹೆಜ್ಜೆಗೆ ಎರಡೂ. ಹಿಂದಿನ ಕಾಲನ್ನು ನೆಟ್ಟಗೆ ಮಾಡಿ, ಅದರ ಮೇಲೆ ಭಾರ ಬಿಟ್ಟು, ಒಂದು ಕ್ಷಣ ನಿಂತು, ಆಮೇಲೆ ಮುಂದಿನ ಕಾಲು ಎತ್ತಿ. ಆ ಒಂದು ಕ್ಷಣ ತೊಡೆಯ ಸ್ನಾಯುವಿಗೆ ಬಿಡುವು. ಇಪ್ಪತ್ತು ಹೆಜ್ಜೆ ಓಡಿ ಎರಡು ನಿಮಿಷ ಏದುಸಿರು ಬಿಡುತ್ತಾ ನಿಲ್ಲುವವರಿಗಿಂತ ನಿಲ್ಲದೆ ಹೀಗೆ ತೆವಳಿದಂತೆ ನಡೆಯುವವರು ಮೊದಲು ತಲುಪುತ್ತಾರೆ. ಗೈಡುಗಳು ‘ಬಿಸ್ತಾರೈ, ಬಿಸ್ತಾರೈ’ ಎನ್ನುತ್ತಿರುತ್ತಾರೆ. ನಿಧಾನ, ನಿಧಾನ ಎಂದು. ಅದು ಉಪಚಾರದ ಮಾತಲ್ಲ.

ಮಧ್ಯದಲ್ಲಿ ಗುಡ್ಡದ ಏರು ಸ್ವಲ್ಪ ಸಡಿಲವಾಗುತ್ತದೆ. ಇಲ್ಲಿ ವೇಗ ಹೆಚ್ಚಿಸುವ ಆಸೆ ಆಗುತ್ತದೆ, ಬೇಡ. ಇಲ್ಲೇ ಒಂದು ಕಲ್ಲಿನ ಮರೆಯಲ್ಲಿ ನಿಂತು ನೀರು ಕುಡಿದು ಚಿಕ್ಕಿ ತಿನ್ನಿ. ಐದು ನಿಮಿಷ ಮಾತ್ರ. ಕೈಬೆರಳು, ಕಾಲ್ಬೆರಳು ಆಡಿಸಿ ನೋಡಿ. ನೋವಾಗುತ್ತಿದ್ದರೆ ಒಳ್ಳೆಯದು, ಜೀವ ಇದೆ ಎಂದರ್ಥ. ನೋವಿದ್ದದ್ದು ನಿಂತುಹೋಗಿ ಮರಗಟ್ಟಿದ್ದರೆ ಅದು ಅಪಾಯ. ಗವಸು ತೆಗೆದು ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ಐದು ನಿಮಿಷದಲ್ಲಿ ಬೆರಳಿಗೆ ಸ್ಪರ್ಶ ಬರದಿದ್ದರೆ ಇಳಿಯಿರಿ.

ಕೊನೆಯ ಭಾಗ ಬಂಡೆಗಳದ್ದು. ಹೆಸರಿಗೆ ತಕ್ಕ ಕಪ್ಪು ಕಲ್ಲುಗಳು, ಒಂದರ ಮೇಲೊಂದು. ಊರಿಕೊಂಡು ನಡೆಯುವ ಕೋಲುಗಳನ್ನು ಮಡಚಿ ಚೀಲಕ್ಕೆ ಸಿಕ್ಕಿಸಿ ಕೈ ಬಳಸಿ ಹತ್ತುವುದು ಒಳ್ಳೆಯದು. ಬೆಳಗಿನ ಹೊತ್ತು ಕಲ್ಲಿನ ಮೇಲೆ ತೆಳು ಮಂಜುಗಡ್ಡೆ ಇರಬಹುದು, ಪಾದ ಇಡುವ ಮುಂಚೆ ಒತ್ತಿ ನೋಡಿ. ಬಣ್ಣದ ಪ್ರಾರ್ಥನಾ ಪತಾಕೆಗಳ ಸಾಲು ಕಾಣುವವರೆಗೂ ತುದಿ ಬಂತು ಎಂದುಕೊಳ್ಳಬೇಡಿ.

ಮೇಲೆ

ಮೇಲೆ ಜಾಗ ಕಡಿಮೆ. ಒಂದು ಕಡೆ ನೇರ ಇಳಿಜಾರು. ಮೊದಲು ಗಟ್ಟಿಯಾಗಿ ಒಂದು ಕಲ್ಲಿನ ಮೇಲೆ ಕೂತು, ದಪ್ಪ ಜಾಕೆಟ್ ಹಾಕಿಕೊಂಡು, ಆಮೇಲೆ ಫೋನ್ ತೆಗೆಯಿರಿ. ನಿಂತು ಹಿಂದೆ ಹಿಂದೆ ಸರಿಯುತ್ತಾ ಫೋಟೊ ತೆಗೆಯಬೇಡಿ.

ಹೊಸಬರು ನುಪ್ಸೆಯನ್ನು ಎವರೆಸ್ಟ್ ಎಂದುಕೊಳ್ಳುತ್ತಾರೆ. ನುಪ್ಸೆ 7,861 ಮೀಟರ್, ಆದರೆ ಹತ್ತಿರ ಇರುವುದರಿಂದ ಅದೇ ದೊಡ್ಡದಾಗಿ ಕಾಣುತ್ತದೆ. ಅದರ ಎಡಕ್ಕೆ, ಹಿಂದೆ, ಹಿಮ ಅಷ್ಟಾಗಿ ನಿಲ್ಲದ ಕಪ್ಪು ತ್ರಿಕೋನವೇ ಎವರೆಸ್ಟ್, 8,848.86 ಮೀಟರ್. 2020ರಲ್ಲಿ ನೇಪಾಳ ಮತ್ತು ಚೀನಾ ಒಟ್ಟಿಗೆ ಘೋಷಿಸಿದ ಲೆಕ್ಕ ಅದು. ತುದಿಯಿಂದ ಬಿಳಿ ಬಾಲದಂತೆ ಹಿಮ ಹಾರುತ್ತಿದ್ದರೆ ಅಲ್ಲಿ ಗಾಳಿ ಜೋರಾಗಿದೆ ಎಂದರ್ಥ. ಕೆಳಗೆ ಖುಂಬು ಹಿಮನದಿ, ನೀವು ಹಿಂದಿನ ದಿನ ನಡೆದ ದಾರಿ. ವಸಂತದಲ್ಲಿ ಹೋದರೆ ಬೇಸ್ ಕ್ಯಾಂಪಿನ ಹಳದಿ ಟೆಂಟುಗಳು ಅರಿಶಿನ ಅಕ್ಷತೆ ಚೆಲ್ಲಿದ ಹಾಗೆ ಕಾಣುತ್ತವೆ. ಈಗ ಬೆನ್ನ ಹಿಂದೆ ತಿರುಗಿ. ತುಂಬಾ ಜನ ತಿರುಗುವುದೇ ಇಲ್ಲ. 7,161 ಮೀಟರ್‌ನ ಪುಮೋರಿ ನಿಮ್ಮ ಹೆಗಲಿಗೇ ತಾಗುವಷ್ಟು ಹತ್ತಿರ ನಿಂತಿರುತ್ತದೆ. ಬೆಳಗಿನ ಬಿಸಿಲು ಅದರ ಮೇಲೆ ಬೇಗ ಬೀಳುತ್ತದೆ.

ಇಪ್ಪತ್ತು ನಿಮಿಷ ಸಾಕು. ಅತ್ತರೆ ಅಳಿ, ನಾನೂ ಅತ್ತಿದ್ದೆ. ಕಣ್ಣೀರು ಒರೆಸಿಕೊಳ್ಳಿ, ರೆಪ್ಪೆಯ ಮೇಲೆ ಹೆಪ್ಪುಗಟ್ಟುತ್ತದೆ. ಕಲ್ಲಿನ ಮೇಲೆ ಹೆಸರು ಗೀಚುವುದು, ಪತಾಕೆ ಕಿತ್ತು ನೆನಪಿಗೆ ಜೇಬಿಗೆ ಹಾಕಿಕೊಳ್ಳುವುದು ಬೇಡ. ಅದನ್ನು ಕಟ್ಟಿದವರು ಪ್ರಾರ್ಥನೆ ಮಾಡಿ ಕಟ್ಟಿರುತ್ತಾರೆ.

ಇಳಿಯುವ ದಿನ

ಮೇಲಿಂದ ಗೋರಕ್‌ಶೆಪ್‌ಗೆ ಒಂದು ಗಂಟೆ, ಒಂದೂಕಾಲು ಗಂಟೆ. ಬೂಟಿನ ದಾರವನ್ನು ಮೇಲೆಯೇ ಕೂತು ಬಿಗಿಯಾಗಿ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಬೆರಳು ಮುಂದಕ್ಕೆ ತಾಗಿ ಉಗುರು ಕಪ್ಪಾಗುತ್ತದೆ. ಬಂಡೆ ಮುಗಿದ ಮೇಲೆ ಕೋಲುಗಳನ್ನು ಸ್ವಲ್ಪ ಉದ್ದ ಮಾಡಿ. ಸಡಿಲ ಮಣ್ಣಿನಲ್ಲಿ ಓಡಬೇಡಿ. ಬೇರೆಯವರು ಓಡುತ್ತಾರೆ, ಓಡಲಿ. ಜನ ಬಿದ್ದು ಮಣಿಕಟ್ಟು ಮುರಿದುಕೊಳ್ಳುವುದು ಇಂಥ ಕಡೆ. ತುದಿ ಮುಟ್ಟಿದ ಖುಷಿಯಲ್ಲಿ ಗಮನ ತಪ್ಪಿರುತ್ತದೆ.

ಲಾಡ್ಜಿಗೆ ಬಂದು ಹೊಟ್ಟೆ ತುಂಬಾ ತಿಂಡಿ ತಿನ್ನಿ, ಆದರೆ ಹಾಸಿಗೆಗೆ ಹೋಗಬೇಡಿ. ಮಲಗಿದರೆ ಏಳುವುದಿಲ್ಲ. ಅದೇ ದಿನ ಫೆರಿಚೆಗೆ ಇಳಿಯಬೇಕು. ಒಟ್ಟು ಒಂಬತ್ತು-ಹತ್ತು ಗಂಟೆಯ ದಿನ ಇದು, ಇಡೀ ಚಾರಣದಲ್ಲೇ ಉದ್ದದ್ದು. ಬೆಳಿಗ್ಗೆ ಹತ್ತುವಾಗ ಕಾಲಿನ ಶಕ್ತಿಯನ್ನೆಲ್ಲ ಖಾಲಿ ಮಾಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಲೊಬುಚೆವರೆಗಿನ ದಾರಿ ಹಿಮನದಿಯ ಪಕ್ಕದ ಕಲ್ಲುರಾಶಿಯ ಮೇಲೆ ಸಣ್ಣ ಸಣ್ಣ ಏರಿಳಿತ. ಎದುರಿಗೆ ಯಾಕ್‌ಗಳು ಬಂದರೆ ಗುಡ್ಡದ ಕಡೆಗೇ ಸರಿದು ನಿಲ್ಲಿ. ಕಣಿವೆ ಕಡೆ ನಿಂತರೆ ಅವುಗಳ ಹೊರೆ ತಾಗಿ ಕೆಳಗೆ ಬೀಳಬಹುದು. ಥುಕ್ಲಾ ಇಳಿಜಾರಿಗೆ ಮೊದಲು ಎವರೆಸ್ಟ್‌ನಲ್ಲಿ ತೀರಿಕೊಂಡವರ ನೆನಪಿನ ಕಲ್ಲುಗಳಿವೆ. ಅವರಲ್ಲಿ ಬಾಬು ಛಿರಿ ಶೆರ್ಪಾ ಒಬ್ಬರು. 1999ರಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ ಎವರೆಸ್ಟ್ ತುದಿಯಲ್ಲಿ 21 ಗಂಟೆ ಕಳೆದವರು, 2001ರಲ್ಲಿ ಅದೇ ಬೆಟ್ಟದಲ್ಲಿ ತೀರಿಕೊಂಡರು. ಹತ್ತುವಾಗ ಏದುಸಿರಿನಲ್ಲಿ ಇದನ್ನೆಲ್ಲ ಓದಿರುವುದಿಲ್ಲ. ಇಳಿಯುವಾಗ ನಿಂತು ಓದಿ.

ಅಲ್ಲಿಂದ ಇಳಿಯುತ್ತಾ ಹೋದ ಹಾಗೆ ತಲೆಯ ಭಾರ ತಾನಾಗಿಯೇ ಇಳಿಯುತ್ತದೆ. ಫೆರಿಚೆಯ ಬಯಲಿಗೆ ಬಂದಾಗ ಗಾಳಿ ಜೋರಾಗಿರುತ್ತದೆ, ಟೋಪಿ ಹಿಡಿದುಕೊಂಡು ನಡೆಯಿರಿ. ಲಾಡ್ಜ್ ಸೇರಿ ದಾಲ್ ಭಾತ್ ಹೇಳಿ. ನಾಲ್ಕು ದಿನದ ಹಸಿವು ಒಟ್ಟಿಗೇ ಬಂದಿರುತ್ತದೆ. ಡಬ್ಬಿಯಲ್ಲಿ ಉಳಿದ ಚಟ್ನಿಪುಡಿಯನ್ನು ತಟ್ಟೆಯ ಅಂಚಿಗೆ ಸುರಿದುಕೊಳ್ಳಿ, ನಿಮ್ಮ ಗೈಡ್‌ಗೂ ಪೋರ್ಟರ್‌ಗೂ ಒಂದೊಂದು ಚಮಚ ಕೊಡಿ. ನಮ್ಮ ಪೋರ್ಟರ್ ದಾಯಿ (ನೇಪಾಳಿಯಲ್ಲಿ ಅಣ್ಣ) ಎರಡು ಸಲ ಕೇಳಿ ಹಾಕಿಸಿಕೊಂಡರು.